ಮರದ ಹೆಸರು ನಮ್ಮದು, ಬಾಟಲಿಯ ಹೆಸರು ಯಾರದೋ: ಸಣ್ಣ ಉದ್ಯಮಗಳ ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಸಣ್ಣ ಉದ್ಯಮಗಳ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ,

ವಿಷಯ: ಆನ್‌ಲೈನ್ ವ್ಯಾಪಾರ ಮಾಡುವ ಸಣ್ಣ ಉದ್ಯಮಿಗಳು ತಮ್ಮ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ನೆರವು ಕೋರಿ.

ಮಾನ್ಯರೇ,

ನಾನು ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವಳು. 2016ರಲ್ಲಿ ಶುರು ಮಾಡಿದೆ. ಮೊದಲ ಎರಡು ವರ್ಷ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಆಮೇಲೆ ಇನ್‌ಸ್ಟಾಗ್ರಾಂನಲ್ಲಿ, 2019ರಿಂದ ಸ್ವಂತ ಜಾಲತಾಣದಲ್ಲಿ, ಅದರ ಮರುವರ್ಷದಿಂದ ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲಿಯೂ ವ್ಯಾಪಾರ ನಡೆಸಿದೆ. ಈ ಪತ್ರದಲ್ಲಿ ನನ್ನ ಉಪ್ಪಿನಕಾಯಿಯ ಹೆಸರನ್ನು ಬರೆಯುತ್ತಿಲ್ಲ. ಮರೆತು ಬಿಟ್ಟದ್ದಲ್ಲ. ಆ ಹೆಸರು ಸರ್ಕಾರಿ ದಾಖಲೆಯಲ್ಲಿ ಈಗ ಬೇರೆಯವರದು, ಅದರ ವಿಚಾರಣೆ ಬಾಕಿ ಇದೆ, ನಮ್ಮ ವಕೀಲರು ಬೇಡವೆಂದಿದ್ದಾರೆ.

ನಮ್ಮ ಕಡೆ ಮಿಡಿಮಾವಿನ ಮರಗಳಿಗೆ ಮನುಷ್ಯರಿಗಿದ್ದಂತೆ ಒಂದೊಂದಕ್ಕೂ ಹೆಸರಿರುತ್ತದೆ. ಅನಂತಭಟ್ಟನ ಅಪ್ಪೆ ಎಂದರೆ ಒಂದು ರುಚಿ, ಜೀರಿಗೆ ಮಿಡಿ ಎಂದರೆ ಇನ್ನೊಂದು ಪರಿಮಳ. ಮಿಡಿ ಕೊಳ್ಳುವವರು ಕಾಯಿಯ ಗಾತ್ರ ನೋಡುವ ಮೊದಲು ಯಾವ ಮರದ್ದು ಎಂದು ಕೇಳುತ್ತಾರೆ. ತೊಟ್ಟು ಮುರಿದು, ಸೊನೆಯ ಘಾಟು ಮೂಸಿ, ಹೌದೋ ಅಲ್ಲವೋ ಎಂದು ಹೇಳಿಬಿಡುವ ಹಿರಿಯರು ಈಗಲೂ ಇದ್ದಾರೆ. ನಮ್ಮ ತೋಟದ ಕೆಳಗೆ, ಹೊಳೆಯಂಚಿನಲ್ಲಿ ಅಂಥದ್ದೊಂದು ಮರವಿದೆ. ನನ್ನ ಅತ್ತೆ ಮದುವೆಯಾಗಿ ಬಂದಾಗಲೇ ಅದಕ್ಕೆ ಹೆಸರಿತ್ತಂತೆ. ಆ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿ ನಾನು ಬಾಟಲಿಯ ಮೇಲೆ ಅಂಟಿಸಿದೆ. ಟ್ರೇಡ್‌ಮಾರ್ಕ್ ಎಂದರೆ ಏನೆಂದು ಮುಂದೆ ವಕೀಲರು ವಿವರಿಸಿದಾಗ ನನಗೆ ತಟ್ಟನೆ ಹೊಳೆದದ್ದು ಆ ಮರವೇ. ಮಾಲು ಎಲ್ಲಿಂದ ಬಂತು ಎನ್ನುವುದನ್ನು ಹೆಸರೇ ಹೇಳಬೇಕು, ಅಷ್ಟೇ. ಅದನ್ನು ನಮ್ಮ ಊರು ಯಾವ ಕಾಯ್ದೆಯೂ ಇಲ್ಲದೆ ಮಾಡಿಕೊಂಡು ಬಂದಿತ್ತು.

ಈಗ ನಡೆದದ್ದನ್ನು ಹೇಳುತ್ತೇನೆ. 2024ರ ಮೇ ತಿಂಗಳ ಒಂದು ಬೆಳಿಗ್ಗೆ ಮಾರಾಟ ತಾಣದಿಂದ ಇಮೇಲ್ ಬಂತು. ನನ್ನ ಪುಟವನ್ನು ಅವರು ಆಗಲೇ ತೆಗೆದಿದ್ದರು. ತೆಗೆದ ಮೇಲೆ ತಿಳಿಸಿದ್ದರು. ದೂರದ ನಗರದ ಒಬ್ಬರು ಅದೇ ಹೆಸರನ್ನು ನೋಂದಾಯಿಸಿಕೊಂಡಿದ್ದಾರೆ, ನಾನು ಅವರ ಹಕ್ಕನ್ನು ಉಲ್ಲಂಘಿಸಿದ್ದೇನೆ ಎಂದು ಅದರಲ್ಲಿತ್ತು. ಆ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಸಿ, ಕಲ್ಲುಪ್ಪಿನಲ್ಲಿ ಹಾಕಿ, ಚಿರುಟಿದ ಮೇಲೆ ಸಾಸಿವೆ ಮತ್ತು ಬ್ಯಾಡಗಿ ಮೆಣಸು ಅರೆದು ಬೆರೆಸಿದ್ದ ಆರುನೂರು ಬಾಟಲಿ ಮಾಲು ಒಳಗಿನ ಕೋಣೆಯಲ್ಲಿತ್ತು. ಲೇಬಲ್ ಅಂಟಿಸಿಯಾಗಿತ್ತು.

ನನ್ನ ಬಳಿ ಏನೇನಿತ್ತೋ ಎಲ್ಲವನ್ನೂ ಕಳಿಸಿದೆ. ಉದ್ಯಮ್ ನೋಂದಣಿ ಪತ್ರ, ಜಿಎಸ್‌ಟಿ ಸಂಖ್ಯೆ, ಹದಿನಾಲ್ಕು ಅಂಕಿಯ ಆಹಾರ ನೋಂದಣಿ ಸಂಖ್ಯೆ, ಜಾಲತಾಣದ ವಿಳಾಸ ನನ್ನ ಹೆಸರಿನಲ್ಲಿದೆ ಎನ್ನುವುದಕ್ಕೆ ರಸೀದಿ. ಒಂದೇ ಸಾಲಿನ ಉತ್ತರ ಬಂತು: ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಇದ್ದರೆ ಕಳಿಸಿ.

ಆ ಸಾಲನ್ನು ಓದಿದಾಗ ನಾನು ಬೆಪ್ಪಾಗಿ ಕುಳಿತೆ. ಅಲ್ಲಿಯವರೆಗೆ ನನ್ನ ಹೆಸರು ನಾಲ್ಕು ಕಡೆ ನೋಂದಣಿಯಾಗಿದೆ ಎಂದೇ ತಿಳಿದಿದ್ದೆ. ಉದ್ಯಮ್ ಪತ್ರ ಹೇಳುವುದು ನಾನೊಂದು ಕಿರು ಉದ್ಯಮ ಎಂದು ಮಾತ್ರ. ಜಿಎಸ್‌ಟಿ ತೆರಿಗೆಯ ಲೆಕ್ಕಕ್ಕೆ. ಆಹಾರ ನೋಂದಣಿ ಅಡುಗೆಮನೆಯ ಸ್ವಚ್ಛತೆಗೆ. ಡೊಮೇನ್ ಎಂದರೆ ವಿಳಾಸದ ಬಾಡಿಗೆ, ವರ್ಷವರ್ಷ ಕಟ್ಟಿದರೆ ಇರುತ್ತದೆ, ಬಿಟ್ಟರೆ ಹೋಗುತ್ತದೆ. ಕಂಪನಿಯನ್ನೇ ನೋಂದಾಯಿಸಿದ್ದರೂ ಬಾಟಲಿಯ ಮೇಲಿನ ಹೆಸರು ಅದರಿಂದಲೇ ನನ್ನದಾಗುತ್ತಿರಲಿಲ್ಲವಂತೆ. ಹೆಸರಿನ ಒಡೆತನದ ಲೆಕ್ಕ ಇಡುವ ಪುಸ್ತಕ ಬೇರೆಯೇ ಇದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕೆಳಗೆ ಬರುವ ರಿಜಿಸ್ಟರ್ ಅದು. ಕರ್ನಾಟಕದವರಿಗೆ ಅದರ ಕಚೇರಿ ಚೆನ್ನೈನಲ್ಲಿದೆ.

ಸಚಿವರೇ, ನಾನು ಪತ್ರ ಬರೆಯುತ್ತಿರುವುದೇ ಇದಕ್ಕೆ. ಉದ್ಯಮ ಶುರು ಮಾಡುವ ಮೊದಲು ನಾನು ಒಂದು ತರಬೇತಿಗೆ ಹೋಗಿದ್ದೆ. ಯಾರು ನಡೆಸಿದರು ಎನ್ನುವುದು ಬೇಡ, ನಡೆಸಿದವರು ಒಳ್ಳೆಯವರೇ. ಬಾಟಲಿಗೆ ಗಾಳಿಯಾಡದಂತೆ ಮುಚ್ಚಳ ಹಾಕುವುದನ್ನು ಕಲಿಸಿದರು, ಸಾಲದ ಅರ್ಜಿ ತುಂಬುವುದನ್ನು ಕಲಿಸಿದರು, ಮೊಬೈಲಿನಲ್ಲಿ ಫೋಟೊ ಚೆನ್ನಾಗಿ ಬರಬೇಕಾದರೆ ಕಿಟಕಿಯ ಪಕ್ಕ ಬಾಳೆಲೆ ಹಾಸಿ ಅದರ ಮೇಲೆ ಬಾಟಲಿ ಇಡಬೇಕೆಂದೂ ಕಲಿಸಿದರು. ‘ಆಕರ್ಷಕವಾದ ಹೆಸರು ಇಡಿ’ ಎಂದು ಅರ್ಧ ದಿನ ಹೇಳಿದರು. ಇಟ್ಟ ಹೆಸರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಐದು ನಿಮಿಷವೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕೆಂದು ಗೊತ್ತಿದ್ದರಲ್ಲವೇ ಕೇಳುವುದು?

ಎದುರು ಪಕ್ಷದವರು ಅರ್ಜಿ ಹಾಕಿದ್ದು 2021ರಲ್ಲಿ. ‘ಮುಂದೆ ಬಳಸುವ ಉದ್ದೇಶವಿದೆ’ ಎಂದು ಬರೆದಿದ್ದಾರೆ. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಇನ್ನೂ ಒಂದು ಬಾಟಲಿ ಮಾರದವರೂ ಅರ್ಜಿ ಹಾಕಬಹುದು. ಒಪ್ಪಿಗೆಯಾದ ಹೆಸರನ್ನು ಟ್ರೇಡ್‌ಮಾರ್ಕ್ ಜರ್ನಲ್ ಎಂಬ ವಾರಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಪ್ರತಿ ಸೋಮವಾರ ಅದು ಅಂತರ್ಜಾಲದಲ್ಲಿ ಬರುತ್ತದೆ. ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನನ್ನ ಹೆಸರೂ ಹಾಗೆ ಒಂದು ಸೋಮವಾರ ಬಂದು, ನಾಲ್ಕು ತಿಂಗಳು ಕಾದು, ಆಕ್ಷೇಪಣೆ ಇಲ್ಲದೆ ಅವರ ಪಾಲಾಯಿತು. ಆ ಸೋಮವಾರ ನಾನು ಏನು ಮಾಡುತ್ತಿದ್ದೆನೋ. ಪೇಟೆಗೆ ಪಾರ್ಸೆಲ್ ಹಾಕಲು ಹೋಗಿರುತ್ತೇನೆ, ಅದೇ ಹೆಸರಿನ ಪಾರ್ಸೆಲ್.

ನಮ್ಮ ವಕೀಲರು ಬೇಣದ ಗಡಿ, ಅಡಿಕೆ ತೋಟದ ಪಾಲು ಇಂಥ ವ್ಯಾಜ್ಯ ನೋಡುವವರು. ಆದರೂ ಓದಿಕೊಂಡು ಬಂದು ಧೈರ್ಯ ಹೇಳಿದರು. ಕಾಯ್ದೆಯ 34ನೇ ಸೆಕ್ಷನ್ ಮೊದಲು ಬಳಸಿದವರ ಹಕ್ಕನ್ನು ಕಾಯುತ್ತದೆ. ತಿರುನೆಲ್ವೇಲಿಯಲ್ಲಿ ‘ಇರುಟ್ಟುಕಡೈ’ ಹಲ್ವ ಎಂದು ಪ್ರಸಿದ್ಧವಾದದ್ದಿದೆ. ಇರುಟ್ಟುಕಡೈ ಎಂದರೆ ಕತ್ತಲೆ ಅಂಗಡಿ. ಆ ಹೆಸರಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಬರೀ ನೋಂದಣಿ ಮಾಡಿಸಿಕೊಂಡವರಿಗಿಂತ ಮೊದಲಿನಿಂದ ಬಳಸಿಕೊಂಡು ಬಂದವರ ಹಕ್ಕು ಮೇಲು ಎಂದು 2015ರಲ್ಲಿ ತೀರ್ಪಾಯಿತು. ಇನ್ನೊಂದು ನಮ್ಮ ಬೆಂಗಳೂರಿನಿಂದಲೇ ಹೊರಟ ಪ್ರಕರಣ. ಸತ್ಯಂ ಇನ್ಫೋವೇ ಸಂಸ್ಥೆಯ ‘ಸಿಫಿ’ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಇನ್ನೊಂದು ‘ಎಫ್’ ಹೆಚ್ಚಿಸಿ, ಕೊನೆಗೆ ‘ನೆಟ್’ ಸೇರಿಸಿ ‘ಸಿಫಿನೆಟ್’ ಎಂದು ಇನ್ನೊಬ್ಬರು ಜಾಲತಾಣ ತೆರೆದಿದ್ದರು. ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ತೆಗೆಯಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಜಾರಿಗೆ ತಂದಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ಅದೂ ವ್ಯಾಪಾರದ ಗುರುತೇ, ಇನ್ನೊಬ್ಬರ ಮಾಲೆಂದು ನಂಬಿಸಿ ವ್ಯಾಪಾರ ಮಾಡುವುದನ್ನು ಅಲ್ಲಿಯೂ ತಡೆಯಬಹುದು ಎನ್ನುವುದು ಆ ತೀರ್ಪಿನ ಸಾರ.

ಕೇಳುವುದಕ್ಕೆ ಎಷ್ಟು ಚೆಂದ. ಆದರೆ ಮೊದಲಿನಿಂದ ಬಳಸುತ್ತಿದ್ದೆ ಎಂದು ರುಜುವಾತು ಮಾಡಬೇಕಾದವಳು ನಾನು.

ಆ ಮಳೆಗಾಲದ ಒಂದು ಮಧ್ಯಾಹ್ನ ಜಗಲಿಯಲ್ಲಿ ಹಳೆಯ ತಗಡಿನ ಟ್ರಂಕು ತೆರೆದು ಕುಳಿತೆ. ಅತ್ತೆ ಪಕ್ಕದಲ್ಲಿ ಕುಳಿತು ಒಂದೊಂದೇ ಕಟ್ಟು ಬಿಚ್ಚಿ ಕೊಡುತ್ತಿದ್ದರು. 2016ರಿಂದ 2019ರವರೆಗಿನ ಕೊರಿಯರ್ ಚೀಟಿಗಳನ್ನು ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ, ಆ ಶಿಸ್ತಿನ ಬಗ್ಗೆ ನನಗೆ ಜಂಬವೂ ಇತ್ತು. ಬಿಚ್ಚಿ ನೋಡಿದರೆ ಎಲ್ಲವೂ ಬಿಳಿ. ಬಿಸಿಯಿಂದ ಅಚ್ಚಾಗುವ ಆ ನುಣುಪು ಕಾಗದದ ಮೇಲಿನ ಬರಹ ವರ್ಷ ಕಳೆದಂತೆ ತಾನಾಗಿಯೇ ಅಳಿಸಿಹೋಗುತ್ತದಂತೆ. ನೂರಾರು ಚೀಟಿಗಳಲ್ಲಿ ಓದಲು ಬಂದದ್ದು ಹನ್ನೊಂದು. ‘ತಂಗೀ, ಇದನ್ನು ನ್ಯಾಯಾಧೀಶರ ಮುಂದೆ ಇಟ್ಟರೆ ನಾವು ಬಿಳಿ ಹಾಳೆ ಮಾರುವವರು ಎಂದುಕೊಂಡಾರು’ ಎಂದು ವಕೀಲರು ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಕೈ ಹಿಡಿದದ್ದು ಎಣ್ಣೆಯ ಕಲೆಯಾಗಿದ್ದ ಒಂದೇ ಒಂದು ಬಿಲ್ಲು, 2016ರಲ್ಲಿ ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನದು. ಕಾರ್ಬನ್ ಹಾಳೆ ಇಟ್ಟು ಬರೆದ ಹಳೆಯ ಮಾದರಿಯ ಬಿಲ್ಲು. ಹೆಸರು ಪೂರ್ತಿಯಾಗಿ, ‘ಳ’ಕಾರದ ಸಮೇತ, ದಿನಾಂಕದೊಂದಿಗೆ ಅದರಲ್ಲಿತ್ತು. ಪ್ರೆಸ್ಸಿನವರು ಕೈಯಿಂದ ಬಿಲ್ಲು ಬರೆಯುತ್ತಾರೆಂದು ಆಗ ಗೊಣಗಿದ್ದವಳು ನಾನೇ.

ಆ ‘ಳ’ಕಾರದ್ದೂ ಒಂದು ಕತೆಯಿದೆ. ಟ್ರೇಡ್‌ಮಾರ್ಕ್ ಕಚೇರಿಗೆ ಕೊಡುವ ಕಾಗದಪತ್ರ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡ ಲಿಪಿಯ ಹೆಸರಾದರೆ ಅದರ ಲಿಪ್ಯಂತರ ಮತ್ತು ಅನುವಾದವನ್ನು ಆ ಎರಡರಲ್ಲಿ ಒಂದು ಭಾಷೆಯಲ್ಲಿ ಕೊಡಬೇಕು. ಹೆಸರು ಹಿಡಿದು ಹುಡುಕುವ ವ್ಯವಸ್ಥೆ ಅಂತರ್ಜಾಲದಲ್ಲಿ ಉಚಿತವಾಗಿಯೇ ಇದೆ, ಉಚ್ಚಾರ ಹಿಡಿದು ಹುಡುಕಲೂ ಬರುತ್ತದೆ. ಆದರೆ ನಮ್ಮ ಲ ಮತ್ತು ಳ, ನ ಮತ್ತು ಣ ಇಂಗ್ಲಿಷಿಗೆ ಹೋದರೆ ಒಂದೇ ಆಗಿಬಿಡುತ್ತವೆ; ದೀರ್ಘಕ್ಕೆ ಒಬ್ಬರು ಒಂದು ‘ಎ’ ಬರೆದರೆ ಇನ್ನೊಬ್ಬರು ಎರಡು ಬರೆಯುತ್ತಾರೆ. ನನ್ನ ಹೆಸರನ್ನು ನಾನೇ ಆರು ಬಗೆಯಲ್ಲಿ ಬರೆದು ಹುಡುಕಬೇಕಾಯಿತು. ನಾಲ್ಕನೆಯ ಬಗೆಯಲ್ಲಿ ಅವರದು ಸಿಕ್ಕಿತು. ಕನ್ನಡದ ಕಿವಿಯಿರುವ ಪರಿಶೀಲಕರು ಕುಳಿತಿದ್ದರೆ ಆ ಪದ ಒಂದು ಮರದ ಹೆಸರೆಂದು ಬಹುಶಃ ಕೇಳಿಯೇ ಗುರುತಿಸುತ್ತಿದ್ದರು.

ಖರ್ಚಿನ ಮಾತಿಗೆ ಬರುತ್ತೇನೆ, ಏಕೆಂದರೆ ಟ್ರೇಡ್‌ಮಾರ್ಕ್ ಎಂದ ಕೂಡಲೇ ನಮ್ಮಂಥವರು ಅದು ದೊಡ್ಡ ಕಂಪನಿಗಳ ವ್ಯವಹಾರ ಎಂದು ಹಿಂದೆ ಸರಿಯುತ್ತಾರೆ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ದೊಡ್ಡ ಸಂಸ್ಥೆಗಳಿಗೆ ಅದರ ಎರಡರಷ್ಟು. ಸರಕು ಮತ್ತು ಸೇವೆ ಸೇರಿ ಒಟ್ಟು 45 ವರ್ಗಗಳಿವೆ. ಉಪ್ಪಿನಕಾಯಿ 29ನೆಯದು, ಮಸಾಲೆ ಪುಡಿ 30ನೆಯದು, ಆನ್‌ಲೈನ್ ಅಂಗಡಿ ನಡೆಸುವ ಸೇವೆ 35ನೆಯದು. ಒಮ್ಮೆ ನೋಂದಣಿಯಾದರೆ ಹತ್ತು ವರ್ಷ, ಆಮೇಲೆ ನವೀಕರಣ. ಅಂದರೆ ಮೂರು ವರ್ಗಕ್ಕೂ ಹಾಕಿದ್ದರೆ ನನಗೆ 13,500 ರೂಪಾಯಿ ಬೀಳುತ್ತಿತ್ತು. ನಾನು ಜಾಲತಾಣ ಮಾಡಿಸಲು ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ, ಲೇಬಲ್‌ಗೆ ಚಿನ್ನದ ಬಣ್ಣದ ಅಂಚು ಹಾಕಿಸಲು ಬೇರೆ ಕೊಟ್ಟಿದ್ದೆ. ಆರುನೂರು ಬಾಟಲಿಯ ಲೇಬಲ್ ಬಿಸಿನೀರಿನಲ್ಲಿ ನೆನೆಸಿ ಕಿತ್ತಾಗ ಆ ಅಂಚು ಉಗುರಿನ ಸಂದಿಯಲ್ಲಿ ಎರಡು ದಿನ ಹೊಳೆಯುತ್ತಿತ್ತು.

ಎಂಥ ಹೆಸರು ಇಡಬೇಕು ಎನ್ನುವುದನ್ನೂ ಯಾರಾದರೂ ಹೇಳಬೇಕಿತ್ತು. ‘ಶುದ್ಧ’, ‘ಮನೆರುಚಿ’ ಎಂಬಂಥ ಹೆಸರುಗಳನ್ನು ಉಳಿಸಿಕೊಳ್ಳುವುದು ಕಷ್ಟ, ಮಾಲಿನ ಗುಣವನ್ನೇ ಹೇಳುವ ಪದವನ್ನು ಒಬ್ಬರಿಗೇ ಬರೆದುಕೊಡಲು ಕಾನೂನು ಹಿಂಜರಿಯುತ್ತದೆ. ‘ಅಪ್ಪೆಮಿಡಿ’ ಎನ್ನುವುದಂತೂ ಯಾರೊಬ್ಬರ ಸೊತ್ತೂ ಅಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದು ಈ ನೆಲದ ಬೆಳೆಗಾರರೆಲ್ಲರದ್ದು. ನಮ್ಮ ಸ್ವಸಹಾಯ ಸಂಘದ ಹೆಂಗಸರು ಊರಿನ ಹೆಸರಿಗೆ ಉಪ್ಪಿನಕಾಯಿ ಎಂದು ಸೇರಿಸಿ ಅದೇ ನಮ್ಮ ಬ್ರ್ಯಾಂಡ್ ಎಂದು ಬೀಗುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವರ್ಗದ ಮಹತ್ವ ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಹಾಲು ಮಹಾಮಂಡಳಿಯ ‘ನಂದಿನಿ’ 1985ರಿಂದ ಇದೆ, ‘ನಂದಿನಿ ಡಿಲಕ್ಸ್’ ಹೋಟೆಲು 1989ರಿಂದ ಇದೆ. ಇಬ್ಬರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೋಟೆಲಿನವರ ನೋಂದಣಿಗೆ ಒಪ್ಪಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು. ಅಷ್ಟು ದೊಡ್ಡ ಸಂಸ್ಥೆಗಳಿಗೇ ಹೆಸರಿನ ಗಡಿಕಲ್ಲು ನೆಡಲು ದೆಹಲಿಯವರೆಗೆ ಹೋಗಬೇಕಾಯಿತು. ಅವರ ಬಳಿ ವಕೀಲರ ಪಡೆಯಿತ್ತು. ನನ್ನ ಬಳಿ ಹನ್ನೊಂದು ಚೀಟಿ ಮತ್ತು ಎಣ್ಣೆಯ ಕಲೆಯ ಬಿಲ್ಲು.

ಟ್ರೇಡ್‌ಮಾರ್ಕ್ ಕೇಂದ್ರದ ವಿಷಯ, ನಾವೇನು ಮಾಡಲಾದೀತು ಎಂದು ನಿಮ್ಮ ಕಚೇರಿಯವರು ಕಡತ ಮಡಚಬಹುದು. ಕಾಯ್ದೆ ಕೇಂದ್ರದ್ದು ನಿಜ. ಆದರೆ ತರಬೇತಿ, ಸಾಲ, ಮೇಳ, ಜಿಲ್ಲಾ ಕೈಗಾರಿಕಾ ಕೇಂದ್ರ ಇವೆಲ್ಲ ರಾಜ್ಯದ್ದೇ. ‘ಆನ್‌ಲೈನ್‌ಗೆ ಬನ್ನಿ, ಹೆಸರು ಮಾಡಿ’ ಎಂದು ನಮ್ಮನ್ನು ಕರೆದವರಲ್ಲಿ ರಾಜ್ಯ ಸರ್ಕಾರವೂ ಇದೆ. ಹೆಸರು ಮಾಡಿದೆವು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸಣ್ಣ ಉದ್ಯಮಗಳಿಗೆ ಸರ್ಕಾರದ ಹಣದಲ್ಲಿ ನಡೆಯುವ ಯಾವ ತರಬೇತಿಯೇ ಇರಲಿ, ಹೆಸರಿನ ನೋಂದಣಿಗೆಂದು ಒಂದು ಗಂಟೆ ಮೀಸಲಿಡಿ. ಅದೂ ಲೇಬಲ್ ಪಾಠಕ್ಕೆ ಮೊದಲು, ನಂತರವಲ್ಲ. ಭಾಷಣ ಬೇಡ. ಪ್ರತಿಯೊಬ್ಬರೂ ತಾವು ಇಡಲಿರುವ ಹೆಸರನ್ನು ತಮ್ಮ ಮೊಬೈಲಿನಲ್ಲೇ ನಾಲ್ಕಾರು ಬಗೆಯಲ್ಲಿ ಬರೆದು ರಿಜಿಸ್ಟರ್‌ನಲ್ಲಿ ಹುಡುಕಿ ನೋಡಿಯೇ ಏಳಬೇಕು. ನಮ್ಮ ಮಾಲಿಗೆ ಬರುವ ವರ್ಗ ಯಾವುದು, ಹಳೆಯ ಬಿಲ್ಲುಗಳನ್ನು ಫೋಟೊ ತೆಗೆದು ಏಕೆ ಇಡಬೇಕು, ಅರ್ಜಿ ಹಾಕಿದ ಮೇಲೆ ಬರುವ ಪರಿಶೀಲನಾ ವರದಿಗೆ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಏನಾಗುತ್ತದೆ, ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಗುರುತು ಅಚ್ಚು ಹಾಕಿಸಿದರೆ ಅದು ತಪ್ಪು ಎನ್ನುವುದು ಏಕೆ, ಇಷ್ಟನ್ನು ಕನ್ನಡದಲ್ಲಿ ಎರಡು ಪುಟದಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಸಾಕು.

ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ತಿಂಗಳಿಗೆ ಒಂದು ದಿನವಾದರೂ ಅರ್ಜಿ ಹಾಕಿಕೊಡಬಲ್ಲ ಒಬ್ಬರನ್ನು ಕೂರಿಸಿ. ಆನ್‌ಲೈನ್ ಅರ್ಜಿಗೆ ಡಿಜಿಟಲ್ ಸಹಿ ಬೇಕು, ಹಳ್ಳಿಯ ಹೆಂಗಸರಲ್ಲಿ ಅದು ಎಷ್ಟು ಜನರ ಬಳಿ ಇದ್ದೀತು? ನನಗೆ ಒಬ್ಬ ಮಧ್ಯವರ್ತಿ ಸರ್ಕಾರಿ ಶುಲ್ಕದ ನಾಲ್ಕು ಪಟ್ಟು ಕೇಳಿದ, ಮೂರೇ ದಿನದಲ್ಲಿ ಪ್ರಮಾಣಪತ್ರ ತಂದುಕೊಡುತ್ತೇನೆ ಎಂದೂ ಹೇಳಿದ. ಮೂರು ದಿನದಲ್ಲಿ ಬರುವುದು ಅರ್ಜಿಯ ಸಂಖ್ಯೆ ಮಾತ್ರ ಎಂದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಎಲ್ಲರಿಗೂ ಗೊತ್ತಿರುವುದಿಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅದು ಕೌಟುಂಬಿಕ ವ್ಯಾಜ್ಯಕ್ಕೆ ಮಾತ್ರ ಎಂದೇ ನಮ್ಮ ಕಡೆ ನಂಬಿಕೆ. ವ್ಯಾಪಾರದ ಹೆಸರಿನ ತಕರಾರಿಗೂ ಆ ಬಾಗಿಲು ತೆರೆದಿದೆ ಎಂದು ನಿಮ್ಮ ಇಲಾಖೆ ಮತ್ತು ಪ್ರಾಧಿಕಾರ ಸೇರಿ ಊರೂರಿಗೆ ತಿಳಿಸಿದರೆ ನನ್ನಂಥವರು ವಕೀಲರ ಶುಲ್ಕಕ್ಕೆ ಬಳೆ ಅಡವಿಡುವುದು ತಪ್ಪುತ್ತದೆ. ನೋಂದಣಿಯಿದ್ದವರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ಉಲ್ಲಂಘನೆಯ ದಾವೆ ಹೂಡಬಹುದು, 134ನೇ ಸೆಕ್ಷನ್ ಅದಕ್ಕೆಂದೇ ಇದೆ. ನೋಂದಣಿಯಿಲ್ಲದವರಿಗೆ ಆ ಅನುಕೂಲವಿಲ್ಲ. ಬಸ್ ಚಾರ್ಜು, ವಸತಿ ಎಲ್ಲ ಕೂಡಿಸಿದರೆ ಈ ವ್ಯತ್ಯಾಸವೇ ಒಂದು ವರ್ಷದ ಲಾಭವನ್ನು ನುಂಗುತ್ತದೆ.

ಇನ್ನು ನೀವು ಕೇಂದ್ರಕ್ಕೆ ಬರೆಯಬೇಕಾದ್ದು ಎರಡು. ಕನ್ನಡದಲ್ಲಿ ಅರ್ಜಿ ಹಾಕಲು, ಕನ್ನಡ ಲಿಪಿಯಲ್ಲೇ ರಿಜಿಸ್ಟರ್ ಹುಡುಕಲು ಅವಕಾಶ ಬೇಕು. ಮಾರಾಟ ತಾಣಗಳು ಒಬ್ಬರ ಪುಟ ಕಿತ್ತುಹಾಕುವ ಮೊದಲು ಉತ್ತರಕ್ಕೆ ಹದಿನೈದು ದಿನವಾದರೂ ಕೊಡಬೇಕು, ಮೊದಲ ಬಳಕೆಯ ದಾಖಲೆ ಕೊಟ್ಟರೆ ಅದನ್ನು ಓದಲೇಬೇಕು ಎಂಬ ನಿಯಮ ಬರಬೇಕು. ನಕಲಿ ಮಾಲು ತಡೆಯಲು ಅವರಿಗೆ ಕಟ್ಟುನಿಟ್ಟು ಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ; ನಾಳೆ ನೋಂದಣಿಯಾದರೆ ಆ ಕಟ್ಟುನಿಟ್ಟು ನನಗೂ ಬೇಕಾಗುತ್ತದೆ. ಆದರೆ ವಾದ ಕೇಳದೆ ಬಾಗಿಲು ಹಾಕುವುದನ್ನು ಗ್ರಾಮ ಪಂಚಾಯಿತಿಯೂ ಮಾಡುವುದಿಲ್ಲ.

ನನ್ನ ಪ್ರಕರಣದ ಬಗ್ಗೆ ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ. ಅವರ ನೋಂದಣಿ ರದ್ದು ಮಾಡಬೇಕೆಂದು ಅರ್ಜಿ ಹಾಕಿದ್ದೇನೆ, ನನ್ನ ಹೆಸರಿನಲ್ಲಿ ಬೇರೆ ಅರ್ಜಿಯೂ ಇದೆ. ಅದು ತನ್ನ ದಾರಿಯಲ್ಲಿ ಸಾಗುತ್ತದೆ. ಅಲ್ಲಿಯವರೆಗೆ ಬಾಟಲಿಯ ಮೇಲೆ ಬಿಳಿ ಲೇಬಲ್ ಹಾಕಿ, ಏನು ಮಾಲು, ಎಂದು ತಯಾರಾಯಿತು, ಎಷ್ಟು ತೂಕ ಎಂದು ಮಾತ್ರ ಅಚ್ಚು ಹಾಕಿಸಿ ಹಳೆಯ ಗಿರಾಕಿಗಳಿಗೆ ಕಳಿಸುತ್ತಿದ್ದೇನೆ. ಮೈಸೂರಿನ ಒಬ್ಬ ಹಿರಿಯ ಗಿರಾಕಿ ಫೋನ್ ಮಾಡಿ, ‘ಹೆಸರಿಲ್ಲವಲ್ಲಮ್ಮ, ನಿಮ್ಮದೇ ಹೌದೇ?’ ಎಂದು ಕೇಳಿದರು. ಮುಚ್ಚಳ ತೆಗೆದು ಮೂಸಿ ನೋಡಿ ಎಂದೆ.

ಮುಂದಿನ ತಿಂಗಳು ನಮ್ಮ ಊರಿನಿಂದ ಹನ್ನೆರಡು ಜನ ಹೆಂಗಸರು ಅಂಥದ್ದೇ ಒಂದು ತರಬೇತಿಗೆ ಹೊರಟಿದ್ದಾರೆ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಕೋಕಂ ಶರಬತ್ತು ಮಾಡುವವರು. ಅವರಲ್ಲಿ ಇಬ್ಬರು ಹೆಸರು ಗೊತ್ತು ಮಾಡಿ ಲೇಬಲ್ ಅಚ್ಚಿಗೆ ಕೊಡಲು ನಿಂತಿದ್ದಾರೆ. ನಾನು ಸದ್ಯಕ್ಕೆ ತಡೆದಿದ್ದೇನೆ. ಹೆಚ್ಚು ದಿನ ತಡೆಯಲಾರೆ, ಹಲಸಿನಕಾಯಿ ಕಾಯುವುದಿಲ್ಲ. ತಮ್ಮ ಉತ್ತರ ಅದಕ್ಕೆ ಮೊದಲು ಬಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ತಾಲ್ಲೂಕಿನ ಉಪ್ಪಿನಕಾಯಿ ತಯಾರಕಿ